ಅವಳ ಪಾಲಿನ ಗುಂಡು

ವಾರದಲ್ಲಿ ಆರು ದಿನ ಅವನು ಸೀಟು ಹೊಲಿಯುತ್ತಿದ್ದ. ಬಸ್ಸಿನ ಸೀಟು, ಕಾರಿನ ಸೀಟು, ಸ್ಪ್ರಿಂಗು ಹೊರಬಂದ ಸೋಫಾ, ಕ್ಷೌರದಂಗಡಿಯ ತಿರುಗುವ ಕುರ್ಚಿ, ಹೀಗೆ ಜನ ಕೂತು ಕೂತು ಹಾಳುಮಾಡಿದ್ದೆಲ್ಲ ಅವನ ಅಂಗಡಿಗೆ ಬರುತ್ತಿತ್ತು. ಊರಿನವರು ಅವನನ್ನು ಕುಶನ್ ಅಣ್ಣ ಎನ್ನುತ್ತಿದ್ದರು. ಭಾನುವಾರ ಮಾತ್ರ ಅವನು ಯಾರ ಕೈಗೂ ಸಿಗುತ್ತಿರಲಿಲ್ಲ. ಬೆಳಗಿನ ಚಹಾ ಮುಗಿಸಿ, ರೈಫಲ್ಲಿನ ಉದ್ದನೆಯ ಚೀಲವನ್ನು ವ್ಯಾನಿನಲ್ಲಿ ಮಲಗಿಸಿ, ಊರ ಹೊರಗಿನ ಹಳೆಯ ಕಲ್ಲುಕ್ವಾರಿಯಲ್ಲಿದ್ದ ಶೂಟಿಂಗ್ ಕ್ಲಬ್ಬಿಗೆ ಹೊರಟುಬಿಡುತ್ತಿದ್ದ. ಬೇಟೆಯ ಗೀಳು ಅವನಿಗಿರಲಿಲ್ಲ. ದೂರದ ಹಲಗೆಗೆ ಅಂಟಿಸಿದ ಕಾಗದ, ಅದರ ನಡುವಿನ ಕಪ್ಪು ಚುಕ್ಕೆ, ಅಷ್ಟೇ ಅವನ ಬೇಟೆ.

ಅವನ ಹೆಂಡತಿ ಬೋರ್ಡು ಬರೆಯುವವಳು. ಅಂಗಡಿಗಳ ಗಾಜಿನ ಬಾಗಿಲ ಮೇಲೆ, ಸಾಮಾನು ಸಾಗಿಸುವ ವ್ಯಾನುಗಳ ಮೇಲೆ, ನದಿಯ ದೋಣಿಗಳ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಪ್ರಿಂಟು ಹಾಕಿದ ಸ್ಟಿಕ್ಕರುಗಳು ಬಂದು ಎಷ್ಟೋ ಕಾಲವಾಗಿದ್ದರೂ ಕೈಬರಹವೇ ಬೇಕೆನ್ನುವ ಗಿರಾಕಿಗಳು ಬಣ್ಣದಕ್ಕ ಎಲ್ಲಿ ಎಂದು ಕೇಳಿಕೊಂಡು ಬರುತ್ತಿದ್ದರು. ಗಂಡನ ಭಾನುವಾರದ ಹುಚ್ಚು ಅವಳಿಗೆ ಅರ್ಥವಾಗಿರಲಿಲ್ಲ, ಹಾಗೆಂದು ಅದರಿಂದ ತೊಂದರೆಯೂ ಇರಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದವಳೊಬ್ಬಳ ಎದುರು ಒಮ್ಮೆ, "ನಮ್ಮ ಯಜಮಾನರಿಗೆ ಭಾನುವಾರ ಗುಂಡು ಇಲ್ಲದೆ ಆಗೋದೇ ಇಲ್ಲ" ಎಂದುಬಿಟ್ಟಿದ್ದಳು. ಆ ಹೆಂಗಸು ಬಹಳ ಕಾಲ ಅವನನ್ನು ಕುಡುಕನೆಂದೇ ನಂಬಿ, ಎದುರಾದಾಗಲೆಲ್ಲ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು.

ಊರಿನ ಪಕ್ಕದಲ್ಲೇ ನದಿ. ನದಿಯಾಚೆ ಬೇರೆ ರಾಜ್ಯ. ಆಚೆ ದಡದ ಪಟ್ಟಣದಲ್ಲಿ ದೊಡ್ಡದೊಂದು ಕೋವಿ ಅಂಗಡಿಯಿತ್ತು. ಈಚೆಯ ಅಂಗಡಿಗಿಂತ ಅಲ್ಲಿ ಗುಂಡು ಅಗ್ಗ, ಬಗೆಗಳೂ ಹೆಚ್ಚು, ಕೇಳುವವರೂ ಇರಲಿಲ್ಲ. ಕುಶನ್ ಅಣ್ಣ ಆಗಾಗ ಹೋಗಿ ಡಬ್ಬಿಗಟ್ಟಲೆ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದ. ತಂದಷ್ಟನ್ನೂ ಕ್ಲಬ್ಬಿನಲ್ಲಿ ಸುರಿದು ಬರುತ್ತಿದ್ದ.

ಹೀಗಿರುವಾಗ ಸರ್ಕಾರ ಹೊಸ ಕಾನೂನು ತಂದಿತು. ಇನ್ನು ಮೇಲೆ ಗುಂಡು ಕೊಳ್ಳುವುದಿದ್ದರೆ ಸ್ವಂತ ರಾಜ್ಯದ ಅಂಗಡಿಯಲ್ಲಿ, ತಾನೇ ಖುದ್ದಾಗಿ ಹೋಗಿ, ಬೆರಳಚ್ಚು ಕೊಟ್ಟು ಕೊಳ್ಳಬೇಕು. ಒಂದು ಲೈಸೆನ್ಸಿಗೆ ತಿಂಗಳಿಗೆ ಎರಡೇ ಡಬ್ಬಿ. ಹೊರ ರಾಜ್ಯದಿಂದ ತರುವಂತಿಲ್ಲ. ಒಳಗೆ ಸಾಗಿಸುವಾಗಲೂ ಕೋವಿ ಒಂದು ಕಡೆ, ಗುಂಡು ಬೇರೆ ಪೆಟ್ಟಿಗೆಯಲ್ಲಿ ಬೀಗದೊಳಗೆ.

ಪತ್ರಿಕೆಯಲ್ಲಿ ಇದನ್ನು ಓದಿದ ಬೆಳಗ್ಗೆ ಅವನ ಬನ್ನು ಚಹಾದೊಳಗೇ ಕರಗಿಹೋಯಿತು.

"ನೋಡಿದ್ಯಾ? ಎರಡು ಡಬ್ಬಿ! ನನಗೆ ಅದು ಒಂದು ಭಾನುವಾರಕ್ಕೂ ಸಾಲಲ್ಲ. ನನ್ನ ಹತ್ತಿರ ಇರೋದೇನು? ಕಾಗದಕ್ಕೆ ತೂತು ಹಾಕೋ ಸಾಮಾನು. ನಾಳೆ ಆಫೀಸಿನ ಪಂಚಿಂಗ್ ಮಷೀನಿಗೂ ಬೆರಳಚ್ಚು ಕೇಳ್ತಾರೆ ಇವರು."

"ಕೇಳಲಿ ಬಿಡಿ" ಎಂದಳು ಹೆಂಡತಿ ಕುಂಚ ತೊಳೆಯುತ್ತ. "ಕಾಗದ ಸ್ವಲ್ಪ ದಿನ ಬದುಕಿಕೊಳ್ಳುತ್ತೆ."

ಆ ಮಾತಿಗೆ ಅವನಿಗೆ ನಗು ಬರಲಿಲ್ಲ. ವಾರವೆಲ್ಲ ಒಳಗೊಳಗೇ ಕುದಿದ. ಕೊನೆಗೆ ಒಂದು ಉಪಾಯ ಹೊಳೆಯಿತು. ಆಚೆ ಪಟ್ಟಣದ ಸಾರಿಗೆ ಕಂಪನಿಯವರು ಹರಿದ ಬಸ್ ಸೀಟುಗಳನ್ನು ಅವನಿಗೇ ಕೊಡುತ್ತಿದ್ದರು. ಸೀಟು ತರಲು ಹೋಗುವವನಿಗೆ ಸೀಟಿನೊಳಗೆ ಜಾಗವಿಲ್ಲವೇ? ಶನಿವಾರ ಮಧ್ಯಾಹ್ನ ಅವನು ಆಚೆ ಹೋದ. ಕೋವಿ ಅಂಗಡಿಯಲ್ಲಿ ಕೈತುಂಬ ಡಬ್ಬಿ ಕೊಂಡ. ನದಿದಂಡೆಯ ಮರದ ನೆರಳಿನಲ್ಲಿ ವ್ಯಾನು ನಿಲ್ಲಿಸಿ, ಉದ್ದನೆಯ ಸೀಟೊಂದರ ಹೊಟ್ಟೆ ಸೀಳಿ, ಹಳೆಯ ಸ್ಪಂಜನ್ನು ಕಿತ್ತು, ಡಬ್ಬಿಗಳನ್ನು ಒಳಗೆ ಪೇರಿಸಿ, ಮೇಲೆ ಹೊಸ ಬಟ್ಟೆ ಎಳೆದು ಹೊಲಿದ. ಕಳ್ಳಕೆಲಸವಾದರೂ ಕೈ ಸುಳ್ಳು ಹೇಳಲಿಲ್ಲ. ಹೊಲಿಗೆ ಎಂದಿನ ಹಾಗೆ ನೇರವಾಗಿಯೇ ಬಂತು.

ಸೇತುವೆಯ ಈಚೆ ತುದಿಯಲ್ಲಿ ಚೆಕ್‌ಪೋಸ್ಟು. ಅಡ್ಡಗಂಬದ ಹಿಂದೆ ವಾಹನಗಳ ಸಾಲು ನಿಂತಿತ್ತು. ಸಾಲಿನ ಪಕ್ಕದಲ್ಲಿ ಒಬ್ಬ ಕಾನ್‌ಸ್ಟೇಬಲ್ ಒಂದೊಂದೇ ಕಿಟಕಿಯೊಳಗೆ ಬಗ್ಗಿ ನೋಡುತ್ತ ಬರುತ್ತಿದ್ದ. ಅವನ ನಡಿಗೆ ನೋಡಿಯೇ ಕುಶನ್ ಅಣ್ಣನಿಗೆ ಗುರುತು ಸಿಕ್ಕಿತು. ಅವನು ಬೇರಾರೂ ಅಲ್ಲ, ಹೆಂಡತಿಯ ತಮ್ಮ. ಬಜಾರಿನಲ್ಲಿ ಡ್ಯೂಟಿ ಎಂದು ತಿಳಿದಿದ್ದ ಬಾಮೈದ ಇಲ್ಲಿಗೆ ಬಂದದ್ದು ಯಾವಾಗ?

"ಏನು ಬಾವ, ನದಿಯಾಚೆಗೂ ದುಡಿಮೆನಾ?"

"ಸೀಟು ಕಣೋ. ಬಸ್ಸಿಂದು."

"ಚೆನ್ನಾಗಿದೆಯಲ್ಲ." ಬಾಮೈದ ವ್ಯಾನಿನ ಹಿಂಬಾಗಿಲು ತೆಗೆದು, ಒಳಗೆ ಹತ್ತಿ, ನೇರವಾಗಿ ಆ ಸೀಟಿನ ಮೇಲೆಯೇ ಕುಳಿತ. ಒಮ್ಮೆ ಕುಳಿತವನು ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಕುಳಿತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬಾವ, ನನ್ನ ಮದುವೆ ಸೋಫಾ ನೀವೇ ಮಾಡಿಕೊಟ್ಟಿದ್ದು. ಅದರ ಮೇಲೆ ಕೂತ್ರೆ ನಿದ್ದೆ ಬರುತ್ತೆ. ಇದರ ಮೇಲೆ ಕೂತ್ರೆ ಕೇಸು ಹಾಕಬೇಕು ಅನಿಸ್ತಿದೆ."

ಕುಶನ್ ಅಣ್ಣ ಮುಂದಿನ ಗಾಜಿನಾಚೆಯೇ ನೋಡುತ್ತ ಕುಳಿತ. ಹಿಂದಿನಿಂದ ಒಂದು ಲಾರಿ ಹಾರ್ನು ಹೊಡೆಯಿತು.

"ಅಡ್ಡಗಂಬ ಇನ್ನೂ ಮುಂದಿದೆ" ಎಂದ ಬಾಮೈದ ದನಿ ತಗ್ಗಿಸಿ. "ಅದನ್ನ ದಾಟೋ ತನಕ ನೀವು ಏನೂ ತಂದಿಲ್ಲ. ದಾಟಿದ ಮೇಲೆ ನಾನು ನಿಮ್ಮನ್ನ ಬಾವ ಅಂತ ಕರೆಯೋಕಾಗಲ್ಲ. ಹೆಸರು ಹಿಡಿದು ಕರೀಬೇಕಾಗುತ್ತೆ. ವ್ಯಾನ್ ತಿರುಗಿಸಿ. ಕೊಟ್ಟು ಬನ್ನಿ."

"ನಿನ್ನ ಅಕ್ಕನ ಗಂಡ ಅಂತಾನಾದ್ರೂ..."

"ಅಕ್ಕನ ಗಂಡ ಅಂತಾನೇ ಈಗ ಇಲ್ಲಿ ಕೂತು ಮಾತಾಡ್ತಿರೋದು. ಬೇರೆಯವರಾಗಿದ್ರೆ ಸುಮ್ನೆ ಕಂಬ ಎತ್ತಿ ಆಚೆ ಬಿಟ್ಟು, ಆಮೇಲೆ ನಿಲ್ಲಿಸ್ತಿದ್ದೆ."

ವ್ಯಾನು ತಿರುಗಿತು. ಕೋವಿ ಅಂಗಡಿಯ ಮೆಟ್ಟಿಲ ಮುಂದೆ, ದಾರಿಹೋಕರೆಲ್ಲ ನಿಂತು ನೋಡುತ್ತಿರುವಾಗ, ಕುಶನ್ ಅಣ್ಣ ತಾನೇ ಹೊಲಿದ ಸೀಟನ್ನು ತಾನೇ ಬಿಚ್ಚಿದ. ಒಳಗಿಂದ ಡಬ್ಬಿಗಳು ಒಂದೊಂದಾಗಿ ಹೊರಬಂದಾಗ ಜನ ಚಪ್ಪಾಳೆ ತಟ್ಟುವುದೊಂದು ಬಾಕಿ. ಬಾಯಿಗೆ ಬಂದ ಹಾಗೆ ಬಾಮೈದನನ್ನು ಬೈದುಕೊಂಡ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ತುಟಿ ಬಿಗಿಹಿಡಿದಿದ್ದರೂ ಹೆಗಲು ಕುಲುಕುತ್ತಿತ್ತು. ತಮ್ಮ ಆಗಲೇ ಫೋನು ಮಾಡಿದ್ದ.

"ನಗು. ಚೆನ್ನಾಗಿ ನಗು" ಎಂದ ಅವನು. "ಇನ್ನು ಅವನು ಈ ಮನೆಗೆ ಕಾಲಿಡಬಾರದು."

ಅವಳ ನಗು ಅಲ್ಲಿಗೇ ನಿಂತಿತು. ಊಟ ಬಡಿಸಿ, ಎದುರು ಕುರ್ಚಿ ಎಳೆದು ಕುಳಿತಳು.

"ಒಂದು ಮಾತು ಕೇಳ್ತೀರಾ? ಹೋದ ವರ್ಷ ಪಕ್ಕದೂರಿನ ಮಾರುಕಟ್ಟೆಯಲ್ಲಿ ಒಬ್ಬ ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸಿದನಲ್ಲ, ಅವತ್ತು ಹತ್ತಿರದ ಠಾಣೆಗಳಿಂದೆಲ್ಲ ಜನ ಕಳಿಸಿದ್ರು. ಇವನೂ ಹೋಗಿದ್ದ. ತಿರುಗಿ ಬರ್ತಾ ನೇರ ಇಲ್ಲಿಗೇ ಬಂದ. ನೀವು ಅಂಗಡಿಯಲ್ಲಿದ್ರಿ. ಅಡುಗೆಮನೆ ನಲ್ಲಿ ಬಿಟ್ಟು ಕೈ ತೊಳೀತಾನೇ ಇದ್ದ. ಸಾಕು ಕಣೋ ಅಂತ ನಾನೇ ನಲ್ಲಿ ನಿಲ್ಲಿಸಿದೆ. ಆ ಮನುಷ್ಯನೂ ಗುಂಡು ತಂದಿದ್ದು ಸೇತುವೆ ಮೇಲಿಂದಾನೇ ಅಂತೆ."

"ನಾನು ಅಂಥವನಾ?"

"ನೀವು ಅಂಥವರಲ್ಲ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಆ ಕಂಬಕ್ಕೆ ಹೇಗೆ ಗೊತ್ತಾಗಬೇಕು?"

ಅವನು ತಟ್ಟೆಗೆ ಇನ್ನಷ್ಟು ಸಾರು ಹಾಕಿಕೊಂಡ. ಊಟವನ್ನಂತೂ ಬಿಡಲಿಲ್ಲ.

ಮರುದಿನ ಕ್ಲಬ್ಬಿನಲ್ಲಿ ಗುಂಡಿನ ಸದ್ದಿಗಿಂತ ಮಾತಿನ ಸದ್ದೇ ಜೋರಾಗಿತ್ತು. ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಯಾವಾಗಲೂ ಮೆಲುದನಿಯ ಮನುಷ್ಯ, ಆವತ್ತು ಮೇಜು ಗುದ್ದಿ ಮಾತಾಡಿದರು. "ಇಷ್ಟು ವರ್ಷ ಒಂದು ತಪ್ಪು ಮಾಡದವರನ್ನ ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನಾನು ಬಿಡೋದಿಲ್ಲ, ಕೋರ್ಟಿಗೆ ಹೋಗ್ತೀನಿ." ಸದಸ್ಯರಲ್ಲೊಬ್ಬನಾದ ಬೇಕರಿಯವನನ್ನು ಎಲ್ಲರೂ ಬ್ರೆಡ್ಡು ಎಂದೇ ಕರೆಯುತ್ತಿದ್ದದ್ದು. ಅವನು ಗಲ್ಲ ತುರಿಸಿಕೊಂಡು, "ನಿಜ ಹೇಳ್ಲಾ? ನನಗೆ ಸ್ವಲ್ಪ ಸಮಾಧಾನಾನೇ ಆಗಿದೆ. ಹೋದ ವರ್ಷ ಕೊಂಡ ಡಬ್ಬಿಗಳು ಮನೆಯಲ್ಲಿ ಎಲ್ಲೆಲ್ಲಿವೆ ಅಂತ ನನಗೇ ಗೊತ್ತಿಲ್ಲ. ಮೊನ್ನೆ ಹಿಟ್ಟಿನ ಮೂಟೆ ಹಿಂದೆ ಒಂದು ಸಿಕ್ತು" ಎಂದ. ಡಾಕ್ಟರು ಅವನತ್ತ ಕೊಳೆತ ಹಲ್ಲನ್ನು ನೋಡುವಂತೆ ನೋಡಿದರು.

"ಕೋರ್ಟು ತೀರ್ಪು ಕೊಡೋ ತನಕ ಏನು ಮಾಡೋದು?" ಎಂದ ಕುಶನ್ ಅಣ್ಣ.

"ಲೈಸೆನ್ಸಿಗೆ ತಾನೇ ಎರಡು ಡಬ್ಬಿ?" ಎಂದ ಬ್ರೆಡ್ಡು. "ಮನೆಯಲ್ಲಿ ಎರಡು ಲೈಸೆನ್ಸ್ ಇದ್ರೆ ನಾಲ್ಕಾಯ್ತು. ಹೆಂಡತಿ ಹೆಸರಲ್ಲಿ ಒಂದು ಮಾಡಿಸು."

ಅವನೇನೋ ತಮಾಷೆಗೆ ಅಂದದ್ದು. ಕುಶನ್ ಅಣ್ಣನಿಗೆ ಮಾತ್ರ ಅದು ದೀಪ ಹಚ್ಚಿಟ್ಟ ಹಾಗಾಯಿತು.

ಸಂಜೆ ಹೆಂಡತಿ ಒಂದು ಐಸ್‌ಕ್ರೀಂ ವ್ಯಾನಿನ ಬಾಗಿಲ ಮೇಲೆ ಅಕ್ಷರ ತುಂಬುತ್ತಿದ್ದಾಗ ಅವನು ಪಕ್ಕದಲ್ಲಿ ನಿಂತು ವಿಷಯ ತೆಗೆದ. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದ. ಅವಳು ಮೊದಲು ಹಿಡಿದ ಅಕ್ಷರ ಮುಗಿಸಿದಳು. ಆಮೇಲೆ ಕುಂಚ ಎತ್ತಿ, "ಪರೀಕ್ಷೆ ಇರುತ್ತಾ?" ಎಂದು ಕೇಳಿದಳು.

"ಇರುತ್ತೆ. ಕ್ಲಾಸೂ ಇರುತ್ತೆ. ಬರೀ ಹೆಸರಿಗೆ. ನೀನು ಕೋವಿ ಮುಟ್ಟೋದೇ ಬೇಡ."

"ಪರೀಕ್ಷೆ ಬರೆದು ಬಹಳ ವರ್ಷ ಆಯ್ತು. ಆಗಲಿ, ಬರೀತೀನಿ."

ಅಷ್ಟು ಸುಲಭವಾಗಿ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ. ಅವಳು ಸಂಜೆ ಸಂಜೆ ಕ್ಲಾಸಿಗೆ ಹೋದಳು, ಅಡುಗೆ ಮಾಡುತ್ತ ನಿಯಮಗಳನ್ನು ಬಾಯಿಪಾಠ ಮಾಡಿದಳು. ಕೋವಿಯ ಬಾಯಿ ಎಂದೂ ಮನುಷ್ಯರತ್ತ ತಿರುಗಿರಬಾರದು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು ಎಂದು ಒಗ್ಗರಣೆಯ ಸದ್ದಿನ ನಡುವೆ ಕೇಳಿಸುತ್ತಿತ್ತು. ಪರೀಕ್ಷೆ ಪಾಸಾಯಿತು. ಪೊಲೀಸರ ವಿಚಾರಣೆ ಮುಗಿಯಿತು. ಮನೆಯ ಒಂದೇ ರೈಫಲ್ಲನ್ನು ಇಬ್ಬರ ಲೈಸೆನ್ಸಿನಲ್ಲೂ ನಮೂದಿಸಿಕೊಟ್ಟರು.

ಊರಿನ ಕೋವಿ ಅಂಗಡಿಯನ್ನು ನಡೆಸುತ್ತಿದ್ದವಳು ಒಬ್ಬ ವಯಸ್ಸಾದ ಹೆಂಗಸು. ದಪ್ಪ ಕನ್ನಡಕ, ಮೊಣಕೈ ತನಕ ತೋಳು ಮಡಚಿದ ಸ್ವೆಟರು. ಊರಿಗೆಲ್ಲ ಅವಳು ಅಂಗಡಿ ಚಿಕ್ಕಮ್ಮ. ಹೊಸ ಕಾನೂನು ಬಂದಾಗಿನಿಂದ ಗಿರಾಕಿಗಳೆಲ್ಲ ಸರ್ಕಾರಕ್ಕೆ ಬೈಯಬೇಕಾದದ್ದನ್ನು ಅವಳಿಗೆ ಬೈದು ಹೋಗುತ್ತಿದ್ದರು. ಗಂಡ ಹೆಂಡತಿ ಬಂದು ಬೆರಳಚ್ಚು ಕೊಟ್ಟರು. ಚಿಕ್ಕಮ್ಮ ಅವನ ಮುಂದೆ ಎರಡು ಡಬ್ಬಿ, ಅವಳ ಮುಂದೆ ಎರಡು ಡಬ್ಬಿ ಇಟ್ಟಳು. ಅವನು ಖುಷಿಯಿಂದ ನಾಲ್ಕನ್ನೂ ತನ್ನ ಪೆಟ್ಟಿಗೆಗೆ ಸೇರಿಸಲು ಹೊರಟ.

"ಅದು ಅವಳದು" ಎಂದಳು ಚಿಕ್ಕಮ್ಮ.

"ನಮ್ಮಲ್ಲಿ ನನ್ನದು ಅವಳದು ಅಂತ ಇಲ್ಲ ಚಿಕ್ಕಮ್ಮ."

"ಕಾನೂನಿನಲ್ಲಿ ಇದೆಯಪ್ಪ. ಒಬ್ಬರ ಲೈಸೆನ್ಸಿನ ಗುಂಡು ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಗಂಡ ಆದರೂ ಅಷ್ಟೇ. ಸಿಕ್ಕಿಬಿದ್ರೆ ಇಬ್ಬರದೂ ರದ್ದು. ಕ್ಲಬ್ಬಿನಲ್ಲಿ ಯಾರು ಎಷ್ಟು ಹೊಡೆದರು ಅಂತ ಈಗ ಬರೆದಿಡ್ತಾರೆ."

ಕುಶನ್ ಅಣ್ಣನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಹೆಂಡತಿಯತ್ತ ತಿರುಗಿದ. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಕ್ಲಾಸಿನಲ್ಲಿ ಮೊದಲನೇ ದಿನಾನೇ ಹೇಳಿದ್ರು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬೇಡ ಬಿಡು ಅಂತಿದ್ರಿ. ನನಗೆ ಅಷ್ಟರಲ್ಲಿ ಆಸೆ ಹುಟ್ಟಿತ್ತು." ಅವಳು ತನ್ನ ಎರಡು ಡಬ್ಬಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಚಿಕ್ಕಮ್ಮ, ನನಗೂ ಒಂದು ಬೀಗದ ಪೆಟ್ಟಿಗೆ ಬೇಕು."

ಭಾನುವಾರ ಅವಳು ಬಣ್ಣದ ಕಲೆಗಳಿದ್ದ ಕೆಲಸದ ಕೋಟು ಹಾಕಿಕೊಂಡೇ ವ್ಯಾನು ಹತ್ತಿದಳು. ಕ್ವಾರಿಯಲ್ಲಿ ಕಲ್ಲುಗೋಡೆಯ ಬುಡಕ್ಕೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಹಲಗೆಗಳು, ಇತ್ತ ತಗಡಿನ ಚಾವಣಿಯ ಕೆಳಗೆ ಮಲಗಿ ಹೊಡೆಯಲು ಚಾಪೆಗಳು. ಕುಶನ್ ಅಣ್ಣ ಅವಳನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕೈ ಎಲ್ಲಿ, ಕೆನ್ನೆ ಎಲ್ಲಿ, ಹೆಗಲು ಎಲ್ಲಿ ಎಂದು ತೋರಿಸಿದ. ತೋರಿಸುತ್ತಲೇ ಇದ್ದ.

"ರೀ, ಸ್ವಲ್ಪ ಸುಮ್ನಿರಿ. ಗೆರೆ ಎಳೆಯೋವಾಗ ಯಾರೂ ನನ್ನನ್ನ ಮಾತಾಡಿಸಲ್ಲ."

ಮೊದಲ ಗುಂಡು ಹಲಗೆಯನ್ನೇ ಮುಟ್ಟಲಿಲ್ಲ, ದಿಬ್ಬದಲ್ಲಿ ಧೂಳೆಬ್ಬಿಸಿತು. ಅವಳು ಎದ್ದು ಕುಳಿತು ಎದೆ ನೀವಿಕೊಂಡಳು. "ಅಬ್ಬಾ! ನೀವು ಪ್ರತಿ ವಾರ ಇದನ್ನ ಮಾಡ್ತೀರಾ?" ಎಂದವಳು ಮತ್ತೆ ಮಲಗಿದಳು. ಎರಡನೆಯದು ಕಾಗದದ ಮೂಲೆಗೆ ತಗುಲಿತು. ಅಲ್ಲಿಂದ ಮುಂದೆ ಅವಳು ಅವಸರವೇ ಮಾಡಲಿಲ್ಲ. ಉಸಿರೆಳೆದು, ಅರ್ಧ ಬಿಟ್ಟು, ನಿಲ್ಲಿಸಿ, ಗಾಜಿನ ಮೇಲೆ ಉದ್ದಗೆರೆ ಎಳೆಯುವಾಗ ಮಾಡುವಂತೆ ಮೈಯನ್ನೆಲ್ಲ ಸುಮ್ಮನಾಗಿಸಿ ಬೆರಳೊಂದನ್ನೇ ಆಡಿಸುತ್ತಿದ್ದಳು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಒಂದು ಲೋಟ ಚಹಾ ಕುಡಿಯಬಹುದಿತ್ತು. ತನ್ನ ಸರದಿ ಬಂದಾಗಲೆಲ್ಲ ಅದೇ ರೈಫಲ್ಲು ಹಿಡಿದು ಅವಳ ಗಂಡ ಪಟಪಟನೆ ಒಂದು ಡಬ್ಬಿ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಹಾಕಿದ್ದ.

ತಿಂಗಳ ನಡುವಿಗೆ ಬರುವಷ್ಟರಲ್ಲಿ ಅವನ ಪೆಟ್ಟಿಗೆ ಬರಿದು. ಅವಳ ಹತ್ತಿರ ಒಂದು ಡಬ್ಬಿಗೂ ಮಿಕ್ಕು ಉಳಿದಿತ್ತು.

"ಒಂದು ಹಿಡಿ ಕೊಡೇ" ಎಂದ ಅವನು ಮೆಲ್ಲಗೆ. "ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ. ನನ್ನ ತಮ್ಮ ಪೊಲೀಸು ಬೇರೆ."

"ಒಂದು... ಒಂದೇ ಒಂದು?"

"ಆ ದುರ್ಬೀನು ತಗೊಂಡು ಹಿಂದೆ ಕೂತ್ಕೊಳ್ಳಿ. ನಂದು ಎಲ್ಲಿ ಬಿತ್ತು ಅಂತ ಹೇಳಿ. ಅಷ್ಟಾದ್ರೂ ಉಪಯೋಗಕ್ಕೆ ಬನ್ನಿ."

ಬೇರೆ ದಾರಿಯಿಲ್ಲದೆ ಕುಳಿತ. "ಸ್ವಲ್ಪ ಎಡಕ್ಕೆ. ಸ್ವಲ್ಪ ಮೇಲೆ. ಹಾಂ, ಕಪ್ಪಿಗೆ ಬಿತ್ತು." ಮೊದಮೊದಲು ಕೆಲಸವಿಲ್ಲದವನ ಬೇಸರದಲ್ಲಿ ಹೇಳುತ್ತಿದ್ದ. ಹೋಗುತ್ತ ಹೋಗುತ್ತ ಅವಳ ಭುಜ ಎಷ್ಟು ಸಡಿಲವಾಗಿದೆ, ಯಾವ ಉಸಿರಿನಲ್ಲಿ ಗುಂಡು ಹೊರಡುತ್ತದೆ ಎಂಬುದೆಲ್ಲ ಅವನಿಗೆ ಕಾಣತೊಡಗಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಹೆಂಡತಿ ಕೆಲಸ ಮಾಡುವುದನ್ನು ಅವನು ಹೀಗೆ ಕುಳಿತು ನೋಡಿರಲಿಲ್ಲ. ಮುಂದಿನ ತಿಂಗಳು ತನ್ನ ಡಬ್ಬಿ ಬಂದಾಗ ಅವನೂ ನಿಧಾನ ಮಾಡಿದ. ಹಳೆಯ ಚಪಲ ಬಿಡಲು ಕಷ್ಟವಾಯಿತು. ಬೆರಳು ತಾನೇ ಓಡಿಹೋಗುತ್ತಿತ್ತು. ಆದರೂ ಕಾಗದದ ಮೇಲಿನ ತೂತುಗಳು ಹತ್ತಿರ ಹತ್ತಿರಕ್ಕೆ ಬಂದವು. ಹಲ್ಲಿನ ಡಾಕ್ಟರು ಅದನ್ನು ಕೈಗೆತ್ತಿಕೊಂಡು ನೋಡಿ, "ಇದೇನ್ರಿ, ಕನ್ನಡಕ ಬದಲಾಯಿಸಿದ್ರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಮೇಷ್ಟರನ್ನ ಬದಲಾಯಿಸಿದೆ."

ಒಂದು ಭಾನುವಾರ ಬಾಮೈದ ಕ್ಲಬ್ಬಿಗೆ ಬಂದ. ಅಕ್ಕನೇ ಕರೆದಿದ್ದಳು. ಸೇತುವೆಯ ಆ ಶನಿವಾರದಿಂದ ಬಾವ ಬಾಮೈದರ ನಡುವೆ ಮಾತಿರಲಿಲ್ಲ. ಯೂನಿಫಾರಂ ಇಲ್ಲದ ಅಂಗಿಯಲ್ಲಿ ಅವನು ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದೆ ನಿಂತ. ಅಕ್ಕ ಗುರಿ ಹಿಡಿದಳು. ಗುಂಡು ಹಾರಿತು. ಅವನು ಗೋಡೆಗೆ ಆತುಕೊಂಡ. ಮತ್ತೊಂದು ಹಾರಿತು. ಕುಶನ್ ಅಣ್ಣ ದುರ್ಬೀನಿನಿಂದ ಕಣ್ಣು ತೆಗೆದು ನೋಡಿದ. ಬಾಮೈದನ ಮುಖ ಸುಣ್ಣ ಬಳಿದಂತಾಗಿತ್ತು, ಹಣೆಯ ಮೇಲೆ ಬೆವರು.

ಕುಶನ್ ಅಣ್ಣ ಎದ್ದು ಹೋಗಿ ಅವನ ತೋಳು ಹಿಡಿದುಕೊಂಡ. "ಬಾ, ಹೊರಗೆ ಕೂರೋಣ."

ಸದ್ದು ಅಷ್ಟಾಗಿ ಕೇಳಿಸದ ಕಡೆ, ವ್ಯಾನಿನ ನೆರಳಿನಲ್ಲಿ ಇಬ್ಬರೂ ಕುಳಿತರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಬಾಮೈದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಕ್ಕ ಇಷ್ಟಪಟ್ಟು ಕರೆದಳು, ಬಂದೆ" ಎಂದ ಅವನು. "ಆಗುತ್ತೆ ಅಂದ್ಕೊಂಡಿದ್ದೆ ಬಾವ."

"ಆಗದಿದ್ರೆ ಏನೀಗ? ಯಾರು ಕೇಳಿದ್ರು?"

"ಸ್ಟೇಷನ್ನಿನಲ್ಲಿ ಯಾರಿಗೂ ಹೇಳಿಲ್ಲ."

"ನಾನೂ ಹೇಳಲ್ಲ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕುಶನ್ ಅಣ್ಣ ಅಂದ: "ಆವತ್ತು ಆ ಮೆಟ್ಟಿಲ ಮುಂದೆ ಕೂತು ಸೀಟು ಬಿಚ್ಚುವಾಗ ನಿನ್ನನ್ನ ಬೈದಿದ್ದೇ ಬೈದಿದ್ದು ಕಣೋ."

"ಗೊತ್ತು. ಕಂಬದ ಹತ್ತಿರ ನಿಂತವನನ್ನ ಎಲ್ಲರೂ ಬೈತಾರೆ."

"ಆ ಕಾನೂನು ಮಾಡಿದವರನ್ನ ಈಗಲೂ ಬೈತೀನಿ. ಎರಡು ಡಬ್ಬಿ ಅನ್ನೋದು ಅನ್ಯಾಯಾನೇ. ನಿನ್ನನ್ನ ಬೈಯಲ್ಲ. ಮುಂದಿನ ವಾರ ಊಟಕ್ಕೆ ಬಾ. ಮಕ್ಕಳನ್ನೂ ಕರ್ಕೊಂಡು ಬಾ."

ಬಾಮೈದ ತಲೆಯಾಡಿಸಿದ. ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ ಅವನ ಮುಖಕ್ಕೆ ಬಣ್ಣ ಮರಳಿತ್ತು. ಬಣ್ಣದಕ್ಕ ಕಾಗದ ಹಿಡಿದುಕೊಂಡು ಓಡೋಡಿ ಬಂದು, "ನೋಡಿ, ಎರಡು ಒಂದೇ ತೂತಿನಲ್ಲಿ!" ಎಂದಳು. ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ, ತನಗೂ ಚಹಾ ಬಗ್ಗಿಸಿಕೊಂಡಳು.

ಮುಂದಿನ ವಾರ ಬಾಮೈದನ ಸಂಸಾರ ಊಟಕ್ಕೆ ಬಂತು. ಆಮೇಲೆ ಅದು ರೂಢಿಯಾಯಿತು. ಕ್ಲಬ್ಬಿನ ವಾರ್ಷಿಕ ಪಂದ್ಯದಲ್ಲಿ ಬಣ್ಣದಕ್ಕ ಮೂರನೆಯವಳಾಗಿ ಬಂದಳು, ಗಂಡ ಅವಳ ಹಿಂದೆಯೇ. ಬ್ರೆಡ್ಡು ಕಡೆಯವನಾಗಿ ಬಂದು, "ಹಿಟ್ಟಿನ ಮೂಟೆ ಹಿಂದೆ ಸಿಕ್ಕ ಡಬ್ಬಿ ಹಳೇದು, ಅದಕ್ಕೇ" ಎಂದು ಸಮಜಾಯಿಷಿ ಕೊಟ್ಟ.

ಹಲ್ಲಿನ ಡಾಕ್ಟರು ಹೇಳಿದಂತೆಯೇ ಕೋರ್ಟಿಗೆ ಹೋಗಿದ್ದರು. ಊರೂರಿನ ಕ್ಲಬ್ಬುಗಳೂ ಜೊತೆಗೂಡಿದ್ದವು. ಮುಂದಿನ ವರ್ಷ ತೀರ್ಪು ಬಂತು. ಹೊರ ರಾಜ್ಯದಿಂದ ಗುಂಡು ತರಬಾರದೆನ್ನುವ ನಿಯಮ ಉಳಿಯಿತು, ಬೆರಳಚ್ಚೂ ಉಳಿಯಿತು, ಬೀಗದ ಪೆಟ್ಟಿಗೆಯೂ ಉಳಿಯಿತು. ಆದರೆ ತಿಂಗಳಿಗೆ ಎರಡೇ ಡಬ್ಬಿ ಎಂಬ ಮಿತಿ ಬಿದ್ದುಹೋಯಿತು. ನೋಂದಾಯಿತ ಕ್ಲಬ್ಬಿನ ಸದಸ್ಯರು ಅಭ್ಯಾಸಕ್ಕೆ ಬೇಕಾದಷ್ಟು ಕೊಳ್ಳಬಹುದು.

ಆ ಭಾನುವಾರ ಕ್ವಾರಿಯಲ್ಲಿ ಮದುವೆಮನೆಯ ಗದ್ದಲ. ಬ್ರೆಡ್ಡು ದೊಡ್ಡದೊಂದು ಕೇಕು ತಂದಿದ್ದ, ಅದರ ಮೇಲೆ ಗುರಿಯ ಕಪ್ಪು ಚುಕ್ಕೆ. ಡಾಕ್ಟರು ಎರಡು ತುಂಡು ತಿಂದು, "ನಾಳೆ ಎಲ್ಲರೂ ಹಲ್ಲು ತೋರಿಸೋಕೆ ಬನ್ನಿ" ಎಂದರು. ಎಲ್ಲರೂ ಕುಶನ್ ಅಣ್ಣನ ಬೆನ್ನು ತಟ್ಟಿದರು. "ಇನ್ನೇನಪ್ಪ, ಹಳೇ ಕಾಲ ಬಂತು. ಪಟಪಟ ಅಂತ ಹೊಡಿ."

ಅವನು ನಕ್ಕ. ಆದರೆ ತನ್ನ ಪಾಲಿನ ಕೇಕನ್ನು ಮುಟ್ಟಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಸಿಗ್ನಲ್ಲಿನ ಹಸಿರು ದೀಪ ಬಂದರೂ ನಿಂತೇ ಇದ್ದ. ಹಿಂದಿನವರು ಕೂಗಿಕೊಂಡ ಮೇಲೆ ಗೇರು ಹಾಕಿದ.

"ಏನಾಯ್ತು ನಿಮಗೆ?" ಎಂದಳು ಹೆಂಡತಿ. "ಗೆದ್ದವರ ಮುಖ ಹೀಗಿರುತ್ತಾ?"

"ಏನಿಲ್ಲ."

"ಏನಿಲ್ಲ ಅನ್ನೋವಾಗೆಲ್ಲ ನಿಮಗೆ ಏನೋ ಇರುತ್ತೆ."

ಅವನು ವ್ಯಾನನ್ನು ಮುಚ್ಚಿದ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದ. ಆ ಅಂಗಡಿಯ ಬೋರ್ಡೂ ಅವಳೇ ಬರೆದದ್ದು.

"ನಿನಗೆ ಲೈಸೆನ್ಸ್ ಮಾಡಿಸಿದ್ದು ಗುಂಡಿಗೋಸ್ಕರ" ಎಂದ. "ಈಗ ನನಗೆ ಬೇಕಾದಷ್ಟು ಸಿಗುತ್ತೆ. ನೀನು ಇನ್ನು ಬರಬೇಕು ಅಂತೇನಿಲ್ಲ. ನಿನಗೂ ಭಾನುವಾರ ಬೇರೆ ಕೆಲಸ ಇರುತ್ತೆ."

ಅವಳು ಅವನನ್ನೇ ನೋಡಿದಳು. "ನಾನು ಬರೋದು ಬೇಡವಾ?"

"ಬೇಡ ಅಂದ್ನಾ? ನೀನು ಬರದಿದ್ರೆ ಅಂತ ಯೋಚನೆ ಬಂತು, ಅಷ್ಟೇ. ಕೇಕೂ ತಿನ್ನೋಕಾಗಲಿಲ್ಲ."

ಬಣ್ಣದಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಕೋಟಿನ ತೋಳಿನಿಂದ ಒರೆಸಿಕೊಂಡಳು.

"ಅಯ್ಯೋ ದೇವರೇ! ಡಾಕ್ಟರು ಲಕ್ಷ ಮಾತಾಡಿ ಕೇಸು ಗೆದ್ದರೆ ನೀವು ಅಳೋ ಮುಖ ಮಾಡಿಕೊಂಡು ಕೂತಿದ್ದೀರಲ್ಲ! ರೀ, ನಾನು ಯಾವತ್ತು ನಿಮ್ಮ ಗುಂಡಿಗೋಸ್ಕರ ಬಂದಿದ್ದೆ? ನನ್ನ ಗುಂಡು ಹೊಡೆಯೋಕೆ ಬಂದಿದ್ದು."

"ಹಾಗಾದ್ರೆ ಬರ್ತೀಯಾ?"

"ಬರ್ತೀನಿ. ಆದರೆ ಒಂದು ಮಾತು. ನಿಮ್ಮ ರೈಫಲ್ಲು ನನಗೆ ಉದ್ದ. ಹಿಡಿ ಹೆಗಲಿಗೆ ಸರಿಯಾಗಿ ಕೂರಲ್ಲ, ಇಷ್ಟು ದಿನ ಕತ್ತು ಚಾಚಿ ಚಾಚಿ ಹೊಡೆದಿದ್ದೀನಿ. ನನಗೆ ನನ್ನದೇ ಬೇಕು."

ಅವನಿಗೆ ಹಸಿವಾಯಿತು. ಕೇಕಿನ ತುಂಡೊಂದನ್ನು ಬ್ರೆಡ್ಡು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ. ಇಬ್ಬರೂ ಅದನ್ನು ವ್ಯಾನಿನೊಳಗೇ ಹಂಚಿಕೊಂಡು ತಿಂದರು.

ಸೋಮವಾರ ಅವನು ಅಂಗಡಿಗೆ ಅರ್ಧ ದಿನ ಬೀಗ ಹಾಕಿದ. ಅಂಗಡಿ ಚಿಕ್ಕಮ್ಮ ಗೋಡೆಯಿಂದ ಒಂದೊಂದೇ ರೈಫಲ್ಲು ಇಳಿಸಿ ಕೊಟ್ಟಳು. ಬಣ್ಣದಕ್ಕ ಕೈಗೆ ತೆಗೆದುಕೊಂಡು, ಹೆಗಲಿಗೆ ಆನಿಸಿ, ಕೆನ್ನೆ ತಾಗಿಸಿ, ಮೂಲೆಯ ಗೋಡೆಯತ್ತ ನೋಡಿ, ತಲೆಯಾಡಿಸಿ ಹಿಂದಿರುಗಿಸುತ್ತಿದ್ದಳು. ಅವನು ಬಾಯಿಬಿಡಲು ಹೋದಾಗಲೆಲ್ಲ ಚಿಕ್ಕಮ್ಮ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು. ಕೊನೆಗೆ ಸಣ್ಣ ಹಿಡಿಯ, ತಿಳಿ ಬಣ್ಣದ ಮರದ ರೈಫಲ್ಲೊಂದು ಅವಳ ಹೆಗಲಲ್ಲಿ ಕುಳಿತು ಅಲ್ಲೇ ಉಳಿಯಿತು.

"ಇದೇ."

"ಇಬ್ಬರ ಲೈಸೆನ್ಸಿಗೂ ಬರೆಯಲಾ?" ಎಂದಳು ಚಿಕ್ಕಮ್ಮ.

"ಬೇಡ" ಎಂದಳು ಬಣ್ಣದಕ್ಕ. "ನನ್ನದಕ್ಕೆ ಮಾತ್ರ."

ಕುಶನ್ ಅಣ್ಣ ಜೋರಾಗಿ ನಕ್ಕುಬಿಟ್ಟ. ಚಿಕ್ಕಮ್ಮ ಬರೆದುಕೊಂಡಳು. ಬಣ್ಣದಕ್ಕ ಬೆರಳಚ್ಚು ಒತ್ತಲು ಹೆಬ್ಬೆರಳು ಚಾಚಿದಳು. ಅದಕ್ಕೆ ಬೆಳಗಿನ ನೀಲಿ ಬಣ್ಣ ಅಂಟಿತ್ತು, ಯಂತ್ರ ಒಪ್ಪಲಿಲ್ಲ. ಒರೆಸಿಕೋ ಎಂದು ಅವನು ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟ.